ರಾಹುಕಾಲದಲ್ಲಿ ಎಳೆದ ಬ್ರೇಕ್ ವೈರು

ಜನವರಿ ತಿಂಗಳಲ್ಲಿ ನಮ್ಮ ಮನೆಗೆ ಬಂದರೆ ನಡುಮನೆಯ ಗೋಡೆಯ ಮೇಲೆ ಎರಡು ಕ್ಯಾಲೆಂಡರ್ ಕಾಣುತ್ತವೆ. ಒಂದು ಹೊಸ ವರ್ಷದ್ದು, ಇನ್ನೊಂದು ಕಳೆದ ವರ್ಷದ್ದು, ಎರಡೂ ಒಂದೇ ಮೊಳೆಗೆ. ನೆಂಟರೊಬ್ಬರು ಹಳೆಯದರಲ್ಲಿ ವಾರ ನೋಡಿಕೊಂಡು ಹೋಗಿ, ಮದುವೆಗೆ ಒಂದು ದಿನ ಮೊದಲೇ ಛತ್ರ ತಲುಪಿ, ಕಸ ಗುಡಿಸುವವರಿಗೆ ಶುಭಾಶಯ ಹೇಳಿ ಬಂದದ್ದೂ ಇದೆ. ಹೊಸ ಚಪ್ಪಲಿ ಕೊಂಡರೆ ಹಳೆಯದನ್ನು ಕವರಿನಲ್ಲಿ ಹಾಕಿಸಿಕೊಂಡು ಬರುತ್ತೇನೆ. ಹೊಸ ಹಲ್ಲುಜ್ಜುವ ಬ್ರಷ್ಷು ಕೆಲಸಕ್ಕೆ ಸೇರಿದ ಮೇಲೂ ಹಳೆಯದು ಒಂದು ತಿಂಗಳು ಮನೆಯ ಹಿರಿಯರಂತೆ ಲೋಟದಲ್ಲಿ ಕೂತಿರುತ್ತದೆ. ನನ್ನ ಹೆಂಡತಿ ಉಮಾ ಬಂದವರ ಮುಂದೆಲ್ಲ ಹೇಳುವುದು ಇಷ್ಟು: "ಇವ್ರು ನನ್ನನ್ನ ಬಿಡೋದಿದ್ರೆ ಮೊದ್ಲು ಇನ್ನೊಂದು ಮದ್ವೆ ಆಗಿ, ಒಂದು ತಿಂಗಳು ನೋಡಿ, ಆಮೇಲೇ ಬಿಡೋದು. ಅಷ್ಟು ಹುಷಾರಿನ ಜನ."

ಅದೇ ಮೊಳೆಗೆ ಕ್ಯಾಲೆಂಡರುಗಳ ಜೊತೆ ತುಕ್ಕಿನ ಬಣ್ಣಕ್ಕೆ ತಿರುಗಿದ ಒಂದು ದಾರವೂ ನೇತಾಡುತ್ತದೆ. ಯಾವುದೋ ದೇವಸ್ಥಾನದ್ದಿರಬೇಕು ಎಂದುಕೊಂಡು ಕಣ್ಣಿಗೊತ್ತಿಕೊಂಡವರಿದ್ದಾರೆ. ನಾನು ತಡೆಯಲಿಲ್ಲ. ಈ ದಾರವೂ ಆ ಚಾಳಿಯೂ ನನಗೆ ಬಂದದ್ದು ಭದ್ರಾವತಿಯ ಒಂದು ಸೈಕಲ್ಲಿನಿಂದ ಎಂದರೆ ನೀವು ನಂಬುವುದಿಲ್ಲ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳಬೇಕು.

ಸೈಕಲ್ ನನ್ನ ಮಾವ ರುದ್ರಪ್ಪನವರದು. ಅವರು ಅಲ್ಲಿನ ಕಾರ್ಖಾನೆಯಲ್ಲಿ ಫಿಟ್ಟರ್. ಹೊಸ ಯಂತ್ರವೊಂದನ್ನು ಕೂರಿಸಲು ಜರ್ಮನಿಯಿಂದ ಬಂದಿದ್ದ ಇಂಜಿನಿಯರೊಬ್ಬ ಕಾರು ಕೊಡುತ್ತೇವೆಂದರೂ ಒಲ್ಲದೆ, ತನ್ನೂರಿನಿಂದ ಸೈಕಲ್ ತರಿಸಿಕೊಂಡು ಕ್ವಾರ್ಟರ್ಸಿನ ತುಂಬ ಅದರಲ್ಲೇ ಓಡಾಡುತ್ತಿದ್ದನಂತೆ. ಊರಿಗೆ ಹೊರಟಾಗ ಅದನ್ನು ಮಾವನಿಗೆ ಕೊಟ್ಟು ಹೋದ. "ಅವನ ಮಿಷನ್ನು ಕೂರಿಸಿಕೊಟ್ಟಿದ್ದು ನಾನು, ಅದಕ್ಕೆ ಕೊಟ್ಟ" ಎಂದು ಮಾವ ಹೇಳುತ್ತಿದ್ದರು. "ಅವನಿಗೆ ನನ್ನ ಅಕ್ಕಿರೊಟ್ಟಿ ಸೇರ್ತಿತ್ತು, ಅದಕ್ಕೆ ಕೊಟ್ಟ" ಎಂದು ಅತ್ತೆ ಹೇಳುತ್ತಿದ್ದರು. ಜರ್ಮನಿಯವನು ಕಾರಣ ಹೇಳದೆ ವಿಮಾನ ಹತ್ತಿದ್ದರಿಂದ ಆ ವ್ಯಾಜ್ಯ ಕೊನೆಯವರೆಗೂ ತೀರಲಿಲ್ಲ.

ಆ ಸೈಕಲ್ಲಿನ ವಿಶೇಷವೆಂದರೆ ಅದರ ವೈರುಗಳು ಕಾಣುತ್ತಿರಲಿಲ್ಲ. ನಮ್ಮ ಕಡೆಯ ಸೈಕಲ್ಲುಗಳಿಗೆ ಆಗ ಕಡ್ಡಿ ಬ್ರೇಕು. ಹಿಡಿಯಿಂದ ಚಕ್ರದವರೆಗೆ ಎಲ್ಲವೂ ಬಹಿರಂಗ, ಯಾರು ಬೇಕಾದರೂ ನೋಡಬಹುದು, ಸುತ್ತಿಗೆಯಿಂದ ಬಡಿಯಬಹುದು. ಇದರಲ್ಲಿ ಹಿಂದಿನ ಬ್ರೇಕಿನ ವೈರು ಮೇಲಿನ ಬಾರಿನ ಮುಂದಿನ ತೂತಿನಲ್ಲಿ ಒಳಹೊಕ್ಕು, ಸೀಟಿನ ಬುಡದ ತೂತಿನಲ್ಲಿ ಹೊರಬರುತ್ತಿತ್ತು. ಗೇರಿನ ವೈರು ಕೆಳಗಿನ ಓರೆ ಪೈಪಿನೊಳಗೆ ಇಳಿದು ಹೋಗುತ್ತಿತ್ತು. ಮಾವ ಅದನ್ನು ಮೊದಲ ಸಲ ಕಾರ್ಖಾನೆಗೆ ಒಯ್ದ ದಿನ "ರುದ್ರಪ್ಪನಿಗೆ ಬ್ರೇಕೇ ಇಲ್ಲದ ಸೈಕಲ್ ಕೊಟ್ಟು ಮೋಸ ಮಾಡಿ ಹೋದ" ಎಂದು ಮೂರು ಪಾಳಿಯಲ್ಲೂ ಸುದ್ದಿಯಾಯಿತಂತೆ.

ಬ್ರೇಕಿನೊಂದಿಗೆ ನನ್ನ ಸಂಬಂಧವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಾನು ಶಿವಮೊಗ್ಗದಲ್ಲಿ ಸೈಕಲ್ ಕಲಿತದ್ದು ಚಿಕ್ಕಪ್ಪನ ಎತ್ತರದ ಸೈಕಲ್ಲಿನಲ್ಲಿ, ಬಾರಿನ ಕೆಳಗೆ ಕಾಲು ತೂರಿಸಿ, ಏಡಿಯ ಹಾಗೆ ಓರೆಯಾಗಿ. ತುಂಗಾ ಹೊಳೆಯ ಕಡೆಗೆ ಇಳಿಯುವ ರಸ್ತೆಯಲ್ಲಿ ಒಮ್ಮೆ ಸೈಕಲ್ ತನ್ನಷ್ಟಕ್ಕೆ ಹೊರಟಿತು. ಬ್ರೇಕ್ ಹಿಡಿ ಎಂದು ಚಿಕ್ಕಪ್ಪ ಕೂಗಿದ್ದು ಕೇಳಿಸಿತು. ಹಿಡಿಯಬೇಕಾದದ್ದು ಯಾವುದು ಎಂದು ಮಾತ್ರ ಅವರು ಅಲ್ಲಿಯವರೆಗೆ ಹೇಳಿರಲಿಲ್ಲ. ಮೈ ತೊಳೆಸಿಕೊಂಡು ಬರುತ್ತಿದ್ದ ಒಂದು ಎಮ್ಮೆ ನನ್ನನ್ನು ನಿಲ್ಲಿಸಿತು. ಅದು ಒಂದು ಹೆಜ್ಜೆಯೂ ಕದಲಲಿಲ್ಲ. ಇಂಥ ಅನುಭವಿ ಮುಂದೆ ಭೌತಶಾಸ್ತ್ರ ಓದಿ, ಕಾಲೇಜಿನಲ್ಲಿ ಘರ್ಷಣೆಯ ಮೇಲೆ ವರ್ಷಕ್ಕೆ ಆರು ಪಾಠ ಮಾಡುವ ಉಪನ್ಯಾಸಕನಾದ. ವಿದ್ಯಾರ್ಥಿಗಳ ಅದೃಷ್ಟ.

ಮದುವೆಯಾದ ಮೇಲೆ ಎರಡು ವಾರಕ್ಕೊಮ್ಮೆ ಭಾನುವಾರ ಭದ್ರಾವತಿಯ ಬಸ್ಸು ಹತ್ತುತ್ತಿದ್ದೆವು. ಅಳಿಯನೆಂದರೆ ಆ ಮನೆಯಲ್ಲಿ ಅರ್ಧ ದೇವರು, ಅರ್ಧ ಮಾತು ಬಾರದ ಮಗು. ಮಾವ ನನಗೆ "ನೀವು" ಎನ್ನುತ್ತಿದ್ದರು, ಅದೂ ತೀರಾ ಅಗತ್ಯ ಬಿದ್ದರೆ. ಅತ್ತೆ ನನ್ನೊಡನೆ ನೇರವಾಗಿ ಮಾತಾಡಿದ್ದೇ ಇಲ್ಲ. ಅಡುಗೆಮನೆಯಿಂದ "ಉಮಾ, ಅವ್ರಿಗೆ ಇನ್ನೊಂದು ಹೋಳಿಗೆ ಬೇಕಾ ಕೇಳು" ಎನ್ನುವರು. ಎರಡು ಗಜ ದೂರದಲ್ಲಿ ಕೂತ ನನಗೆ ಅದು ಚೆನ್ನಾಗಿ ಕೇಳಿಸುತ್ತಿತ್ತು. ಆದರೂ ಉಮಾ ಬಂದು ಕೇಳುವವರೆಗೆ ಕೇಳಿಸದವನಂತೆ ಎಲೆ ನೋಡುತ್ತಾ ಕೂರಬೇಕು. ಆ ಮನೆಯಲ್ಲಿ ಮಾತೂ ಗೋಡೆಯೊಳಗಿಂದಲೇ ಹಾದು ಬರುತ್ತಿತ್ತು. ಇನ್ನು ಅಳಿಯ ಏನಾದರೂ ತಪ್ಪು ಮಾಡಿದರೆ ತಪ್ಪು ಎಂದು ಹೇಳುವುದು ಮರ್ಯಾದೆಯಲ್ಲ. ಮಾವ ಒಮ್ಮೆ ಕೆಮ್ಮುತ್ತಿದ್ದರು, ಅಷ್ಟೆ. ಅದು ಎಚ್ಚರಿಕೆ ಎಂದು ತಿಳಿಯದೆ ನಾನು ಎರಡು ಸಲ ಕೆಮ್ಮಿನ ಔಷಧಿ ಕೊಂಡೊಯ್ದಿದ್ದೆ.

ತೊಂಬತ್ತರ ದಶಕದ ನಡುವಿನ ಮಾತು. ಮಾವನ ನಿವೃತ್ತಿಗೆ ಎರಡು ವಾರವಿತ್ತು. ನಿವೃತ್ತಿಯ ದಿನ ಜೊತೆಯವರೆಲ್ಲ ಸೇರಿ, ಹಾರ ಹಾಕಿ, ವ್ಯಾನಿನಲ್ಲಿ ಕೂರಿಸಿ ಮನೆಯವರೆಗೆ ಬಿಟ್ಟು ಹೋಗುವುದು ಅಲ್ಲಿನ ರೂಢಿ. ಮಾವ ಮಾತ್ರ ಒಪ್ಪಲಿಲ್ಲ. ಊಟಕ್ಕೆ ಕೂತಾಗ ಅನ್ನಕ್ಕೆ ಹೇಳುವಂತೆ ತಲೆ ತಗ್ಗಿಸಿ ಹೇಳಿದರು: "ಇಷ್ಟು ವರ್ಷ ನಾನೇ ತುಳ್ಕೊಂಡು ಹೋಗಿದ್ದೀನಿ, ನಾನೇ ತುಳ್ಕೊಂಡು ಬಂದಿದ್ದೀನಿ. ಕೊನೇ ದಿನ ಹಾರ ಹಾಕಿ ಎತ್ಕೊಂಡು ಬರಕ್ಕೆ ನಾನೇನು ಹೆಣಾನಾ? ಸೈಕಲ್ಲಲ್ಲೇ ಬರ್ತೀನಿ."

ತಮ್ಮ ಜೀವಮಾನದಲ್ಲಿ ಅವರು ಬೇಕು ಎಂದು ಕೇಳಿದ್ದನ್ನು ನಾನು ಕಂಡದ್ದು ಅದೊಂದೇ. ಆದರೆ ಸೈಕಲ್ಲಿನ ಹಿಂದಿನ ಬ್ರೇಕಿನ ವೈರು ಹಿಡಿಯ ಹತ್ತಿರ ತುಂಡಾಗಿ ವಾರವಾಗಿತ್ತು. ಗೇರಿನ ವೈರು ತುಕ್ಕು ಹಿಡಿದು ಅಲ್ಲಾಡುತ್ತಿರಲಿಲ್ಲ. ಗೇಟಿನಿಂದ ಕ್ವಾರ್ಟರ್ಸಿಗೆ ಬರುವ ದಾರಿ ಇಳಿಜಾರು. ಬ್ರೇಕಿಲ್ಲದೆ ಇಳಿದರೆ ವ್ಯಾನಿನವರು ಬೇರೆ ಕಾರಣಕ್ಕೇ ಎತ್ತಿಕೊಂಡು ಬರಬೇಕಾಗುತ್ತಿತ್ತು. ಬರುವ ಭಾನುವಾರ ತಾವೇ ಹಾಕಿಕೊಳ್ಳುವುದಾಗಿ ಮಾವ ಹೇಳಿದರು. ಆಗ ಹೋಳಿಗೆಯ ತುಪ್ಪ ತಲೆಗೇರಿದ್ದ ನಾನು ಬಾಯಿ ಬಿಟ್ಟೆ: "ನೀವ್ಯಾಕೆ ಕಷ್ಟ ಪಡ್ತೀರಿ ಮಾವ? ನಾನು ಹಾಕಿಕೊಡ್ತೀನಿ. ಅದೇನು ಮಹಾ, ಒಂದು ಎಳೆಯೋದು, ಒಂದು ತೂರಿಸೋದು."

ಅಳಿಯ ಮಾಡುತ್ತೇನೆಂದ ಮೇಲೆ ಬೇಡವೆನ್ನುವಂತಿಲ್ಲ. ಮಾವ ಕೆಮ್ಮಿದರು.

ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಸೈಕಲ್ ಸಾಮಾನಿನ ಅಂಗಡಿಯ ಗೌಸ್ ಭಾಯ್ ಬಳಿ ಎರಡು ಉದ್ದನೆಯ ವೈರು ಕೊಂಡೆ. ಪೈಪಿನೊಳಗೆ ಹೋಗುವಂಥದ್ದು ಎಂದು ತಿಳಿದಾಗ ಅವನು ಗಂಭೀರವಾದ. "ಸಾರ್, ಒಂದು ಮಾತು ಹೇಳ್ತೀನಿ ಕೇಳಿ. ಹಳೇ ವೈರ್ ಹೊರಗೆ ಎಳೆಯೋಕೆ ಮುಂಚೆ..."

"ನಾನು ಫಿಸಿಕ್ಸ್ ಲೆಕ್ಚರರ್ರು ಗೌಸ್ ಭಾಯ್" ಎಂದೆ.

ಅವನು ನನ್ನನ್ನು ಒಮ್ಮೆ ನೋಡಿ, "ಮಾಫ್ ಕರೋ ಸಾರ್" ಎಂದು ಪೊಟ್ಟಣ ಕಟ್ಟಿಕೊಟ್ಟ. ಆ ಮಾಫಿಯ ಅರ್ಥ ನನಗೆ ತಿಳಿದದ್ದು ಭಾನುವಾರ ಸಂಜೆ ಆರರ ನಂತರ.

ಆ ಭಾನುವಾರ ಊಟ ಮುಗಿಯುವಾಗಲೇ ಮೂರು. ಊಟದ ನಂತರ ಅಳಿಯ ಮಲಗದಿದ್ದರೆ ಅಡುಗೆಗೆ ಅವಮಾನ, ಆದ್ದರಿಂದ ಮಲಗಿದೆ. ಎದ್ದು ಅಂಗಳಕ್ಕೆ ಬಂದಾಗ ನಾಲ್ಕೂವರೆ. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವಷ್ಟರಲ್ಲಿ ಅಡುಗೆಮನೆಯಿಂದ ಸಂದೇಶ ಬಂತು: "ಉಮಾ, ರಾಹುಕಾಲ ಶುರುವಾಯ್ತು, ಹೊಸ ವೈರು ಆರು ಗಂಟೆ ಮೇಲೆ ಹಾಕ್ಬೇಕಂತೆ ಹೇಳು. ನಾಳೆ ಕೊನೇ ದಿನ ಬೇರೆ."

ರಾಹುಕಾಲವನ್ನು ನಾನು ನಂಬುವುದಿಲ್ಲ. ಆದರೆ ಅತ್ತೆಯನ್ನು ನಂಬದೆ ಗತಿಯಿಲ್ಲ. ಆಗ ನನ್ನ ಬುದ್ಧಿಗೆ ಒಂದು ರಾಜಿಸೂತ್ರ ಹೊಳೆಯಿತು. ಹೊಸದನ್ನು ರಾಹುಕಾಲದಲ್ಲಿ ಹಾಕಬಾರದು, ಸರಿ. ಹಳೆಯದನ್ನು ತೆಗೆಯಲು ಏನಡ್ಡಿ? ಅನಿಷ್ಟ ತೊಲಗಲು ರಾಹುಕಾಲಕ್ಕಿಂತ ಒಳ್ಳೆಯ ಮುಹೂರ್ತ ಬೇಕೆ? ಈಗ ಹಳೆಯದನ್ನು ಎಳೆದುಬಿಡುವುದು, ಆರಕ್ಕೆ ಹೊಸದನ್ನು ತೂರಿಸುವುದು. ಪಂಚಾಂಗಕ್ಕೂ ವಿಜ್ಞಾನಕ್ಕೂ ಇಷ್ಟು ಸೊಗಸಾದ ಹೊಂದಾಣಿಕೆಯನ್ನು ನನಗಿಂತ ಮೊದಲು ಯಾರೂ ಮಾಡಿರಲಿಕ್ಕಿಲ್ಲ. ಅತ್ತೆಗೂ ಅದು ಬಹಳ ಹಿಡಿಸಿತು ಎಂದು ಉಮಾ ಬಂದು ಹೇಳಿದಳು.

ಜಗುಲಿಯಲ್ಲಿ ಪೇಪರ್ ಓದುತ್ತಿದ್ದ ಮಾವ ಕೆಮ್ಮಿದರು. ನಾನು ವೈರಿನ ಬಾಲ ಹಿಡಿದೆ. ಮತ್ತೆ ಕೆಮ್ಮಿದರು. ನಾನು ಎಳೆದೆ. ಮೂರನೆಯ ಕೆಮ್ಮಿಗೆ ಪೇಪರೇ ಅಲ್ಲಾಡಿತು, ಅಷ್ಟರಲ್ಲಿ ವೈರು ಎಣ್ಣೆ ಹಚ್ಚಿದ ಶ್ಯಾವಿಗೆಯಂತೆ ನುಣ್ಣಗೆ ಪೂರ್ತಿ ಹೊರಗೆ ಬಂದಿತ್ತು. ಅದನ್ನು ಸುರುಳಿ ಸುತ್ತಿ, ಅಡಿಕೆ ಹಾಳೆಯಿಂದ ಗಾಳಿ ಬೀಸಿಕೊಳ್ಳುತ್ತಾ, ಆರು ಗಂಟೆಯವರೆಗೆ ಗೆದ್ದವನಂತೆ ಕೂತೆ.

ಆರಕ್ಕೆ ಹೊಸ ವೈರನ್ನು ಮುಂದಿನ ತೂತಿಗೆ ತೂರಿಸಿದೆ. ಒಳಗೆ ಹೋಯಿತು. ಹೋಗುತ್ತಲೇ ಇತ್ತು. ಹಿಂದಿನ ತೂತಿನಲ್ಲಿ ಮಾತ್ರ ಬರಲಿಲ್ಲ. ಅಷ್ಟಗಲದ ಪೈಪಿನೊಳಗೆ ಅಷ್ಟು ಸಣ್ಣ ತೂತನ್ನು ಒಂದು ಕುರುಡು ತಂತಿ ಹುಡುಕಬೇಕು. ಅದು ಒಳಗೇ ಸುತ್ತು ಹಾಕಿ, ಒಮ್ಮೆ ಹೊಕ್ಕ ತೂತಿನಿಂದಲೇ ಹಿಂದಕ್ಕೆ ಬಂದು ನನ್ನ ಮುಖ ನೋಡಿತು. ಹತ್ತು ಸಲ, ಇಪ್ಪತ್ತು ಸಲ. ಪಕ್ಕದ ಮನೆಯ ಸೆಲ್ವಂ ಬೇಲಿಯ ಮೇಲೆ ಮೊಳಕೈ ಊರಿ ನಿಂತ. ಅವನು ಕಾರ್ಖಾನೆಯಲ್ಲಿ ಕ್ರೇನ್ ಓಡಿಸುವವನು, ಎಲ್ಲವನ್ನೂ ಮೇಲಿನಿಂದ ನೋಡಿ ರೂಢಿ. "ಸಾರ್, ಸೈಕಲ್ಲ ತಲೆಕೆಳಗೆ ಮಾಡಿ ಸಾರ್, ತಾನಾ ಬರುತ್ತೆ" ಎಂದ. ತಲೆಕೆಳಗೆ ಮಾಡಿದೆ. ವೈರು ಬರಲಿಲ್ಲ, ನನ್ನ ಜೇಬಿನ ಪೆನ್ನು, ಬಸ್ಸಿನ ಟಿಕೇಟು ಬಂದವು.

ಆಗ ವಿಜ್ಞಾನ ನನ್ನ ನೆರವಿಗೆ ಧಾವಿಸಿತು. ಉಕ್ಕಿನ ತಂತಿ, ಅಯಸ್ಕಾಂತ! ಕೆಟ್ಟ ರೇಡಿಯೋದ ಸ್ಪೀಕರ್ ಬಿಚ್ಚಿಸಿ, ಅದರ ಅಯಸ್ಕಾಂತ ತೆಗೆದು, ನೆರೆದಿದ್ದ ನಾಲ್ಕೈದು ಮನೆಯವರಿಗೆ ತತ್ತ್ವವನ್ನು ವಿವರಿಸಿ, ತಂತಿಯನ್ನು ಒಳಗಿಂದ ಸೆಳೆದು ತರಲು ಬಾರಿನ ಹತ್ತಿರ ಹಿಡಿದೆ. ಫಟ್ಟೆಂದು ಅದು ಬಾರಿಗೇ ಕಚ್ಚಿಕೊಂಡಿತು. ಬಾರು ಕಬ್ಬಿಣದ್ದು. ಊರಿಗೆ ಊರೇ ಕಬ್ಬಿಣದ ಮೇಲೆ ಬದುಕುವ ಭದ್ರಾವತಿಯಲ್ಲಿ ನಿಂತು, ಸೈಕಲ್ ಕಬ್ಬಿಣದ್ದು ಎಂಬುದನ್ನು ಮರೆತ ಏಕೈಕ ವ್ಯಕ್ತಿ ಭೌತಶಾಸ್ತ್ರದ ಸ್ನಾತಕೋತ್ತರ ಪದವೀಧರನಾಗಿದ್ದ. ಸೆಲ್ವಂ ಮರ್ಯಾದಸ್ಥ, ನಗು ಬಂದಾಗ ಬೇಲಿಯ ಆ ಕಡೆಗೆ ಬಗ್ಗಿದ.

ಆರೂಮುಕ್ಕಾಲಾಗಿತ್ತು. ಅಂಗಳದ ಬಲ್ಬು ಹಾಕಿದರು. ನಾಳೆ ಬೆಳಗಿನ ಪಾಳಿಗೆ ಮಾವ ಹೊರಡಬೇಕು. ನನಗೆ ಅಳು ಬರುವಂತಾಯಿತು. ನಗೆಪಾಟಲಾದದ್ದಕ್ಕಲ್ಲ, ಅದು ನನಗೆ ಅಭ್ಯಾಸವಿದೆ. ಆ ಮನುಷ್ಯ ಬದುಕಿನಲ್ಲಿ ಒಂದೇ ಒಂದು ಆಸೆ ಹೇಳಿಕೊಂಡಿದ್ದರು, ಅದನ್ನು ನಾನು ಕೈಯಾರೆ ಎಳೆದು ಹೊರಗೆ ಹಾಕಿದ್ದೆ.

ಆಗ ಅಡುಗೆಮನೆಯ ಬಾಗಿಲಿನಿಂದ ಅತ್ತೆಯ ದನಿ ಬಂತು, ಈ ಸಲ ಸ್ವಲ್ಪ ಗಟ್ಟಿಯಾಗಿ: "ಉಮಾ, ಉಡಿದಾರ ಬದ್ಲಾಯಿಸೋವಾಗ ಹೊಸದು ಕಟ್ಟಿ ಆಮೇಲಲ್ವೇನೇ ಹಳೇದು ಕತ್ತರಿಸೋದು? ಸೊಂಟ ಬರಿದು ಬಿಡ್ತಾರಾ ಯಾರಾದ್ರೂ?"

ಉಮಾ ಆ ಸಂದೇಶವನ್ನು ನನಗೆ ತಲುಪಿಸುವ ಗೋಜಿಗೆ ಹೋಗಲಿಲ್ಲ. ಸೊಂಟದ ದಾರ ಕಟ್ಟಿದ ಯಾವ ಗಂಡಸಿಗೂ ಗೊತ್ತಿರುವ ಸಂಗತಿ. ಹೊಸದು ಬಿಗಿದ ಮೇಲೇ ಹಳೆಯದಕ್ಕೆ ಕತ್ತರಿ, ನಡುವೆ ಒಂದು ಕ್ಷಣವೂ ಸೊಂಟ ಬರಿದಾಗಿರಬಾರದು. ಪೈಪಿಗೂ ಅದೇ ನ್ಯಾಯ. ಹಳೆಯ ವೈರಿನ ಬಾಲಕ್ಕೆ ಒಂದು ದಾರ ಕಟ್ಟಿ ಎಳೆದಿದ್ದರೆ, ಆ ದಾರ ಹೊಸದನ್ನು ಕರೆದುಕೊಂಡು ಬರುತ್ತಿತ್ತು. ಗೌಸ್ ಭಾಯ್ ಹೇಳಲು ಹೊರಟದ್ದು ಅದು, ಮಾವ ಮೂರು ಸಲ ಕೆಮ್ಮಿದ್ದು ಅದನ್ನೇ. ನನ್ನ ಸೊಂಟದಲ್ಲೂ ಉಡಿದಾರವಿತ್ತು, ಬುದ್ಧಿ ಮಾತ್ರ ಸೊಂಟದವರೆಗೆ ಇಳಿದಿರಲಿಲ್ಲ.

ಮಾವ ಪೇಪರ್ ಮಡಚಿಟ್ಟು ಎದ್ದು ಬಂದರು. ನನ್ನ ಕಡೆ ನೋಡಲಿಲ್ಲ. ಗೂಡಿನಲ್ಲಿದ್ದ ಹೊಸ ಕರಿ ಉಡಿದಾರವನ್ನೂ ಅತ್ತೆಯ ಹೊಲಿಗೆಯ ನೂಲಿನುಂಡೆಯನ್ನೂ ಒಂದು ಚೂರು ಚಪಾತಿ ಹಿಟ್ಟನ್ನೂ ತರಿಸಿದರು. ಬಾರಿನ ಅಡಿಯಲ್ಲಿದ್ದ ಇನ್ನೊಂದು ಸಣ್ಣ ತೂತಿಗೆ ಗಾಳಿ ಸೋರದಂತೆ ಹಿಟ್ಟು ಮೆತ್ತಿದರು. ನೂಲಿನ ತುದಿಗೆ ಹತ್ತಿಯ ಎಳೆ ಸುತ್ತಿ ಮುಂದಿನ ತೂತಿನ ಬಾಯಿಗೆ ಇಟ್ಟರು. "ಉಮಾ, ಅವರಿಗೆ ಹೇಳು. ಆ ಕಡೆ ತೂತಿಗೆ ಬಾಯಿಟ್ಟು ಗಾಳಿ ಎಳೀಬೇಕು."

ಹೀಗೆ ನಾನು ಐದು ಮನೆಯವರ ಎದುರು ಮಂಡಿಯೂರಿ, ಸೈಕಲ್ಲಿನ ಸೀಟಿನ ಬುಡಕ್ಕೆ ಮುತ್ತಿಟ್ಟೆ. ಒಳಗೆ ಹತ್ತು ವರ್ಷದ ಜರ್ಮನ್ ತುಕ್ಕು, ಅದರ ಮೇಲೆ ಅಷ್ಟೇ ವರ್ಷದ ಭದ್ರಾವತಿಯ ಧೂಳು. ಎಳೆದೆ. ಆ ಕಡೆ ಮಾವ ನೂಲನ್ನು ಬೆರಳುಗಳ ನಡುವೆ ಸ್ವಲ್ಪ ಸ್ವಲ್ಪವೇ ಬಿಡುತ್ತಿದ್ದರು. ಉಸಿರು ಕಟ್ಟಿತು, ಬಿಟ್ಟೆ. ಮತ್ತೆ ಎಳೆದೆ. "ಎಳೀರಿ" ಎಂದರು ಮಾವ, ನೇರವಾಗಿ ನನಗೇ. ಎಳೆದೆ. "ಹೋಗ್ತಿದೆ, ಎಳೀರಿ ಎಳೀರಿ." ಕಣ್ಣು ಕತ್ತಲೆ ಬಂತು. ನೂಲು ಅವರ ಬೆರಳಿನಲ್ಲಿ ಓಡತೊಡಗಿತ್ತು ಅಂತ ಕಾಣುತ್ತದೆ, ಅವರು ಒಮ್ಮೆಲೇ ಕೂಗಿದರು: "ಎಳಿಯೋ ಮಾರಾಯ! ಬಿಡಬೇಡ, ಎಳಿ!"

ಹತ್ತಿಯ ಎಳೆ ನನ್ನ ನಾಲಿಗೆಗೆ ಬಂದು ತಾಕಿತು.

ಮಾವ ನಾಲಿಗೆ ಕಚ್ಚಿಕೊಂಡರು. ಬಾಗಿಲಲ್ಲಿ ಅತ್ತೆ ಸೆರಗು ಬಾಯಿಗಿಟ್ಟುಕೊಂಡರು. ನನಗಾದ ಸಂತೋಷವನ್ನು ಹೇಳಲೇಬೇಕು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಯಾರೂ ಹಾಗೆ ಏಕವಚನದಲ್ಲಿ ಬೈದಿರಲಿಲ್ಲ. ನೂಲಿಗೆ ಉಡಿದಾರ ಕಟ್ಟಿದೆವು, ಉಡಿದಾರಕ್ಕೆ ವೈರು ಕಟ್ಟಿದೆವು, ಎಳೆದರೆ ವೈರು ತವರಿಗೆ ಬಂದ ಮಗಳಂತೆ ನಗುತ್ತಾ ಬಂತು. ಗೇರಿನದಕ್ಕೆ ಎಣ್ಣೆ ಬಿಟ್ಟು, ಈ ಸಲ ಮೊದಲು ದಾರ ಕಟ್ಟಿ ಆಮೇಲೆ ಎಳೆದದ್ದರಿಂದ ಕೈ ತೊಳೆಯುವಷ್ಟೂ ಹೊತ್ತು ಹಿಡಿಯಲಿಲ್ಲ. ರಾತ್ರಿ ಊಟಕ್ಕೆ ಕೂರುವಾಗ ಮಾವ ಮತ್ತೆ "ನೀವು"ಗೆ ಹಿಂದಿರುಗಿದ್ದರು.

ಮರುದಿನ ನಾನು ರಜೆ ಹಾಕಿ ಅಂಗಳದ ಬೇಲಿಯ ಬಳಿ ನಿಂತಿದ್ದೆ. ಮಾವ ಸೈಕಲ್ಲಿನಲ್ಲಿ ಮುಂದೆ, ಅವರ ಹಾರ ಹೊತ್ತ ಖಾಲಿ ವ್ಯಾನು ಹಿಂದೆ, ಹೆಜ್ಜೆ ಹಾಕುವಂತೆ ನಿಧಾನ. ಇಳಿಜಾರಿನಲ್ಲಿ ಅವರು ಬ್ರೇಕ್ ಹಿಡಿದದ್ದು ಅಷ್ಟು ದೂರದಿಂದಲೂ ನನಗೆ ಕಾಣಿಸಿತು. ಮನೆಯ ಮುಂದೆ ಸೈಕಲ್ ಗೆರೆ ಎಳೆದಂತೆ ನಿಂತಿತು. ಅವರು ಇಳಿದು ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಒಮ್ಮೆ ಕೈಯಾಡಿಸಿ ಒಳಗೆ ಹೋದರು.

ಆಮೇಲೆ ಎಂಟು ವರ್ಷ ಬದುಕಿದ್ದರು. "ಹೋಗೋವಾಗ ಸೊಂಟದ ಉಡಿದಾರಾನೂ ಬಿಡಲ್ಲ ಕಣಪ್ಪ" ಎಂದು ಹಿರಿಯರು ಹೇಳುವುದನ್ನು ಎಷ್ಟೋ ಸಲ ಕೇಳಿದ್ದೆ. ಅವರನ್ನು ಮಣ್ಣಿಗೆ ಒಯ್ಯುವ ಮುನ್ನ ಯಾರೋ ಅದನ್ನು ಕತ್ತರಿಸಿದಾಗ ನಾನು ಮುಖ ತಿರುಗಿಸಿಕೊಂಡೆ. ಸೈಕಲ್ ಶಿವಮೊಗ್ಗಕ್ಕೆ, ನಮ್ಮ ವಿನೋಬನಗರದ ಮನೆಗೆ ಬಂತು.

ಮುಂದಿನ ಮಳೆಗಾಲ ಕಳೆಯುವಷ್ಟರಲ್ಲಿ ಬ್ರೇಕಿನ ವೈರು ಮತ್ತೆ ತುಕ್ಕು ಹಿಡಿಯಿತು. ಈ ಸಲ ನಾನು ಪಳಗಿದವನು. ಹೊಸ ಉಡಿದಾರ ತಂದೆ. ಹಳೆಯ ವೈರಿನ ಬಾಲಕ್ಕೆ ಕಟ್ಟಿದೆ. ಪಕ್ಕದಲ್ಲಿ ನಿಂತ ಉಮಾಗೆ ಗಂಟಿಗೂ ಘರ್ಷಣೆಗೂ ಇರುವ ಸಂಬಂಧವನ್ನು ವಿವರಿಸುತ್ತಲೇ ಎಳೆದೆ. ವೈರು ಬಂತು. ದಾರ ಬರಲಿಲ್ಲ. ನನ್ನ ಗಂಟು ಒಳಗೇ ಬಿಚ್ಚಿಕೊಂಡಿತ್ತು.

"ಅಪ್ಪ ಇದ್ದಿದ್ರೆ ಕೆಮ್ತಿದ್ರು" ಎಂದಳು ಉಮಾ.

ಜಾರಿದ ದಾರವನ್ನು ಹಿಂದಕ್ಕೆಳೆದುಕೊಂಡು, ಮತ್ತೆ ಮಂಡಿಯೂರಿ, ಬಾಯಿಡಲೆಂದು ಸೀಟಿನ ಬುಡದ ತೂತಿನ ಬಾಯಿಗೆ ಹಾಕಿದ್ದ ರಬ್ಬರ್ ಬಳೆಯನ್ನು ಕಿತ್ತೆ. ಅದರ ಒಳಮೈಗೆ ಒಂದು ಸಣ್ಣ ಗಂಟು ಅಂಟಿಕೊಂಡಿತ್ತು. ಕರಿ ದಾರ, ತುಕ್ಕು ಕುಡಿದು ಕೆಂಪಗಾದದ್ದು. ಮೆಲ್ಲಗೆ ಎಳೆದೆ. ಮುಂದಿನ ತೂತಿನ ರಬ್ಬರು ಅಲುಗಿತು. ಅದನ್ನೂ ಕಿತ್ತು ನೋಡಿದರೆ ಅಲ್ಲೂ ಅಂಥದೇ ಗಂಟು. ಫಿಟ್ಟರ್ ಹಾಕಿದ ಗಂಟು, ಎಷ್ಟು ಎಳೆದರೂ ಬಿಚ್ಚುವಂಥದ್ದಲ್ಲ. ವೈರಿನ ಪಕ್ಕದಲ್ಲೇ ಒಂದು ಉಡಿದಾರವನ್ನು ಈ ತುದಿಯಿಂದ ಆ ತುದಿಯವರೆಗೆ ಮಾವ ಯಾವಾಗಲೋ ಹಾಯಿಸಿ ಬಿಟ್ಟಿದ್ದರು. ಮುಂದೆ ಈ ಸೈಕಲ್ ಯಾರ ಕೈಗೆ ಬರುತ್ತದೆಂದು ಅವರಿಗೆ ಗೊತ್ತಿತ್ತು. ಅವನು ಮತ್ತೆ ಎಳೆದು ಕೂರುತ್ತಾನೆ ಎಂಬುದರಲ್ಲಿ ಎಳ್ಳಷ್ಟೂ ಅನುಮಾನವಿರಲಿಲ್ಲ. ಇನ್ನೊಮ್ಮೆ ಕೆಮ್ಮಲು ತಾವು ಇರುವುದಿಲ್ಲ ಎಂಬುದೂ ಗೊತ್ತಿತ್ತು.

ಅದರ ತುದಿಗೆ ಹೊಸ ವೈರನ್ನೂ, ಮುಂದಿನ ಸಲಕ್ಕೆಂದು ಹೊಸ ಉಡಿದಾರವನ್ನೂ ಕಟ್ಟಿದೆ. ಉಮಾ ನನ್ನ ಕೈಯಿಂದ ಕಿತ್ತುಕೊಂಡು ಗಂಟನ್ನು ತಾನೇ ಬಿಗಿದಳು. ಎಳೆದೆವು. ಎರಡೂ ಒಟ್ಟಿಗೆ ಬಂದವು. ಹಳೆಯ ದಾರ ನನ್ನ ಅಂಗೈಯಲ್ಲಿ ಉಳಿಯಿತು.

"ಎಸೀಲಾ ಇದನ್ನ?" ಎಂದಳು. ಕೇಳಿದವಳು ಕೈ ಮಾತ್ರ ಚಾಚಲಿಲ್ಲ.

ನಾನು ಒಳಗೆ ಹೋಗಿ ಅದನ್ನು ಕ್ಯಾಲೆಂಡರಿನ ಮೊಳೆಗೆ ನೇತು ಹಾಕಿದೆ.